ನೋಡಿದೆ ಎಂದವಳು

ಅವನ ಗಲ್ಲದಲ್ಲಿ ಒಂದು ಗುಳಿ ಇದೆ ಎಂಬುದು ಅವಳಿಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಅಲ್ಲಿಯವರೆಗೆ ಅವನೆಂದರೆ ಎರಡು ಕಣ್ಣು, ಅಷ್ಟೇ. ಉಳಿದದ್ದೆಲ್ಲ ಬಿಳಿ ಬಟ್ಟೆ. ಬಿಳಿ ಸೂಟು, ಬಿಳಿ ಟೋಪಿ, ಬಿಳಿ ಮಾಸ್ಕ್, ಒಂದರ ಮೇಲೊಂದು ಎರಡು ಜೊತೆ ಗ್ಲೌಸ್. ಧೂಳಿನ ಕಣವೂ ನುಸುಳದ ಕ್ಲೀನ್‌ರೂಮಿನ ಬಾಗಿಲು ದಾಟಿದವರನ್ನು ಹೆತ್ತ ತಾಯಿಯೂ ಗುರುತು ಹಿಡಿಯಲಾರಳು. ಅವನು ಅವಳಿಗಿಂತ ಮುಂಚೆ ಒಳಗೆ ಹೋಗಿ ಎಲ್ಲ ಜೋಡಿಸಿಡುತ್ತಿದ್ದ. ಅವಳು ಹೊರಟ ಮೇಲೂ ಉಳಿದು ಒರೆಸಿ ಚೊಕ್ಕಟ ಮಾಡುತ್ತಿದ್ದ. ಹಾಗಾಗಿ ಬಾಗಿಲಿನ ಆಚೆ ಇಬ್ಬರ ದಾರಿ ಕೂಡಿದ್ದೇ ಇಲ್ಲ.

ಒಳಗೆ ಅವರ ನಡುವಿನ ಮಾತೂ ಅಳತೆಯದ್ದೇ. ಪರದೆಯ ಮೇಲೆ ಬರುವ ಒಂದೊಂದು ಸಾಲನ್ನು ಅವಳು ಗಟ್ಟಿಯಾಗಿ ಓದಬೇಕು. ಅವನು ಅದನ್ನು ಮಾಡಿ "ಆಯ್ತು" ಎನ್ನಬೇಕು. ಅವನ ಕೈ ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೆ ಅವಳು "ನೋಡಿದೆ" ಎನ್ನಬೇಕು. ಆಮೇಲೇ ಮುಂದಿನ ಸಾಲು. ಹರಟೆಗೆ ಅಲ್ಲಿ ಜಾಗವಿಲ್ಲ. ದಿನವಿಡೀ ಓದಿ ಓದಿ ಅವಳಿಗೆ ಗಿಣಿ ಎಂಬ ಹೆಸರು ಬಿದ್ದಿತ್ತು. ಎಲ್ಲವನ್ನೂ ಎಡಗೈಯಲ್ಲೇ ಮಾಡುವ ಅವನು ಎಡಚ.

ಓದು, ಆಯ್ತು, ನೋಡಿದೆ. ಓದು, ಆಯ್ತು, ನೋಡಿದೆ.

ಬೇರೆಯವರಿಗೆ ಇದು ಬೇಸರದ ಕೆಲಸ. ಆದರೆ ಗಿಣಿ ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಅಜ್ಜನ ಪದ್ಯ ಕೇಳಿ ಬೆಳೆದವಳು. ಅವಳ ಕಿವಿಗೆ ಇದರಲ್ಲೂ ಒಂದು ಲಯ ಕೇಳುತ್ತಿತ್ತು. ಅವನ 'ಆಯ್ತು' ಒಂದು ದಿನವೂ ಮುಂದಾಗಿ ಬೀಳಲಿಲ್ಲ, ಹಿಂದಾಗಿ ಬೀಳಲಿಲ್ಲ. ಪದ್ಯದ ಕೊನೆಯ ಅಕ್ಷರ ತನ್ನ ಜಾಗಕ್ಕೆ ತಾನೇ ಬಂದು ಕೂತ ಹಾಗೆ ಬಂದು ಕೂರುತ್ತಿತ್ತು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಕಿಟಕಿ ಪಕ್ಕದ ಅವಳ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಜಾಗ ಹಿಡಿಯಲೆಂದು ಅವಳು ಹಾಕಿಹೋಗಿದ್ದ ಸ್ವೆಟರು ಪಕ್ಕದ ಕುರ್ಚಿಗೆ ವರ್ಗವಾಗಿತ್ತು.

"ರೀ, ಸ್ವೆಟರ್ ಇಟ್ಟಿದ್ದು ಕಾಣಿಸ್ಲಿಲ್ವಾ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಾಣಿಸ್ತು. ಪಾಪ, ಒಂದೇ ಕೂತಿತ್ತು. ಜೊತೆ ಕೊಡೋಣ ಅಂತ."

"ಅದಕ್ಕೆ ಜೊತೆ ಬೇಡ, ನಂಗೆ ಜಾಗ ಬೇಕು. ಏಳಿ."

"ಆಯ್ತು," ಎಂದು ಅವನು ಎದ್ದ.

ಆ ಎರಡಕ್ಷರವನ್ನು ಅವಳು ಸಂತೆಯ ಗದ್ದಲದಲ್ಲೂ ಹೆಕ್ಕಿ ತೆಗೆಯಬಲ್ಲಳು. ಅವನು ತಲೆ ಎತ್ತಿದ. ಕಣ್ಣು ಹಳೆಯವೇ, ದಿನಾ ಕಂಡವೇ. ಅದರ ಕೆಳಗಿನದೆಲ್ಲ ಹೊಸದು. ಸ್ವಲ್ಪ ವಾರೆಯಾದ ಮೂಗು, ನಗು ತಡೆಯಲು ಒದ್ದಾಡುತ್ತಿದ್ದ ತುಟಿ, ಗಲ್ಲದ ಗುಳಿ.

"ನೀವು... ಎಡಚ?"

"ಗಿಣಿಯವರು ಒಳಗೆ ಓದೋವಾಗ ಇಷ್ಟು ಖಾರ ಇರಲ್ಲ."

"ಅಂದ್ರೆ ನಾನು ಅಂತ ಗೊತ್ತಿದ್ದೂ ಕೂತಿದ್ರಾ?"

"ಸ್ವೆಟರ್ ಯಾರದು ಅಂತ ಕೇಳ್ಕೊಂಡು, ಬೈಸ್ಕೊಳ್ಳೋಣ ಅಂತಾನೇ ಕೂತೆ. ನಾಲ್ಕು ತಿಂಗಳಿಂದ ಕಾಯ್ತಿದೀನಿ, ಸ್ಕ್ರೀನ್ ಮೇಲಿಲ್ಲದ ಒಂದೇ ಒಂದು ಮಾತು ನಿಮ್ಮ ಬಾಯಲ್ಲಿ ಕೇಳೋಕೆ."

ಅವಳು ಸ್ವೆಟರನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅದು ಕೂತಿದ್ದ ಕುರ್ಚಿಯಲ್ಲೇ ಕೂತಳು.

ಆಮೇಲೆ ದಿನಾ ಅಲ್ಲೇ ಊಟ. ಅವನ ಮಾತು ಕಡಿಮೆ, ಕೀಟಲೆ ಹೆಚ್ಚು. ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದರೆ, "ಇಲ್ಲೂ ಮಾಸ್ಕಾ?" ಎನ್ನುತ್ತಿದ್ದ. ಅವಳು ಕೈ ತೆಗೆಯುತ್ತಿದ್ದಳು. ಅವನು ಆಗ ತಟ್ಟೆ ನೋಡುತ್ತಿದ್ದ, ಕಿಟಕಿ ನೋಡುತ್ತಿದ್ದ, ಮತ್ತೆ ಅವಳನ್ನು ನೋಡುತ್ತಿದ್ದ. ಇಬ್ಬರೂ ಏನನ್ನೂ ಹೇಳಿರಲಿಲ್ಲ. ಹೇಳದೆಯೇ ಎಲ್ಲ ಗೊತ್ತಿದೆ ಎನ್ನಿಸುವ ದಿನಗಳು ಅವು. ಏನೂ ಗೊತ್ತಿಲ್ಲ ಎನ್ನಿಸುವ ದಿನಗಳೂ ಅವೇ.

ಒಂದು ಕಳವಳ ಮಾತ್ರ ಅವಳೊಳಗೆ ಅಂದೇ ಮೊಳೆತಿತ್ತು. ಮುಂಚೆ ಒಳಗೆ ನಿಂತಾಗ ಅವಳಿಗೆ ಅವನ ಕೈ ಒಂದೇ ಕಾಣುತ್ತಿತ್ತು. ಈಗ ಮಾಸ್ಕಿನ ಹಿಂದಿನ ಗುಳಿ ನೆನಪಾಗುತ್ತಿತ್ತು.

*

ಕಂಪನಿ ಅಂಥ ದೊಡ್ಡದೇನಲ್ಲ. ಕೆಳಗೆ ಮಂಚ, ಕುರ್ಚಿ ಮಾರುವ ಅಂಗಡಿ, ಪಕ್ಕದಲ್ಲಿ ಕಾರು ತೊಳೆಯುವವರು, ಮೇಲೆ ಇವರು. ಕ್ಯಾನ್ಸರಿಗೆ ಎರಡು ಚಿಕಿತ್ಸೆಗಳನ್ನು ಜೋಡಿ ಮಾಡಿ ಕೊಡುವ ಪ್ರಯತ್ನ ಅಲ್ಲಿ ನಡೆದಿತ್ತು. ರೋಗಿಯ ರಕ್ತದಿಂದಲೇ ಕಾವಲು ಕಾಯುವ ಜೀವಕೋಶಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಪಳಗಿಸಿ, ಬ್ಯಾಗುಗಳಲ್ಲಿ ಬೆಳೆಸಿ, ಅದೇ ರೋಗಿಗೆ ವಾಪಸು ಕಳಿಸುವುದು ಒಂದು. ಆ ಜೀವಕೋಶಗಳನ್ನು ಕ್ಯಾನ್ಸರು ಕಟ್ಟಿಹಾಕದಂತೆ ಮಾಡುವ ಔಷಧ ಇನ್ನೊಂದು.

"ಕುದುರೆ ಸಾಕೋದೂ ನಾವೇ, ಕಟ್ಟಿದ ಹಗ್ಗ ಬಿಚ್ಚೋದೂ ನಾವೇ," ಎಂದು ಕ್ವಾಲಿಟಿ ಮೇಡಂ ಹೊಸಬರಿಗೆ ಹೇಳುತ್ತಿದ್ದರು. "ಒಂದನ್ನೇ ಕೊಟ್ರೆ ಒಂದೇ ಕೈಲಿ ಚಪ್ಪಾಳೆ ಹೊಡೆದ ಹಾಗೆ." ತಪ್ಪು ಹುಡುಕುವುದೇ ಮೇಡಂ ಕೆಲಸ. ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಚಿಕಿತ್ಸೆ ಅದು. ಬೇರೆಲ್ಲ ದಾರಿ ಮುಗಿದವರೇ ಅಲ್ಲಿಗೆ ಬರುತ್ತಿದ್ದರು. ಬರುತ್ತಿದ್ದದ್ದೂ ಅವರಲ್ಲ, ಅವರ ರಕ್ತ. ಹೆಸರಿಲ್ಲದೆ, ಬರೀ ಒಂದು ನಂಬರು ಹೊತ್ತು, ತಣ್ಣನೆಯ ಪೆಟ್ಟಿಗೆಯಲ್ಲಿ.

ಆಸ್ಪತ್ರೆಯಿಂದ ಪೆಟ್ಟಿಗೆ ತರುವ ಡ್ರೈವರಣ್ಣ ಈ ಸಲ ಅದನ್ನು ಕೊಡುವಾಗ ಗಿಣಿಯ ಕೈಯನ್ನು ಒಂದು ಕ್ಷಣ ತಡೆದಿದ್ದ.

"ಇದು ಸ್ವಲ್ಪ ಜೋಪಾನ ಕಣಮ್ಮ. ರಕ್ತ ಕೊಟ್ಟ ಆಯಮ್ಮ ವೀಲ್‌ಚೇರಲ್ಲಿ ಬಾಗಿಲ ತನಕ ಬಂದುಬಿಟ್ಟಿದ್ರು. 'ನಿಧಾನಕ್ಕೆ ಓಡಿಸಪ್ಪ, ಅದರೊಳಗೆ ನಾನಿದ್ದೀನಿ' ಅಂದ್ರು. ದಾರಿಯುದ್ದಕ್ಕೂ ಒಂದು ಹಂಪ್ ಕೂಡ ಎಗರಿಸಿಲ್ಲ ನೋಡು."

ಆ ಮಾತು ಗಿಣಿಯ ಎದೆಯಲ್ಲಿ ಕೂತುಬಿಟ್ಟಿತು. ಆಯಮ್ಮನ ಜೀವಕೋಶಗಳನ್ನು ಎರಡು ಬ್ಯಾಗುಗಳಲ್ಲಿ ಬೆಳೆಯಲು ಇಟ್ಟಿದ್ದರು, ಒಂದು ಎಡಕ್ಕೆ, ಒಂದು ಬಲಕ್ಕೆ. ಹಾದುಹೋಗುವಾಗಲೆಲ್ಲ ಅವಳು ಮನಸ್ಸಿನಲ್ಲೇ ಅವಕ್ಕೆ ಕೈ ಮುಗಿಯುತ್ತಿದ್ದಳು.

*

"ನಾಳೆ ಊಟಕ್ಕೆ ಸ್ವಲ್ಪ ಬೇಗ ಬನ್ನಿ," ಎಂದು ಎಡಚ ಒಂದು ಸಂಜೆ ಹೇಳಿದ. ಮೆಟ್ಟಿಲ ಬಳಿ ನಿಂತು, ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ. "ಒಂದು ಮಾತು ಕೇಳೋದಿದೆ."

"ಈಗಲೇ ಕೇಳಿ."

"ಈಗ ಆಗಲ್ಲ. ಒಂದು ರಾತ್ರಿ ಬೇಕು."

ಅಷ್ಟು ಹೇಳಿ ಹೋದ. ಮರುದಿನ ಬೆಳಿಗ್ಗೆ ಒಳಗೆ ಸಿಕ್ಕಾಗ ಅವನ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ರೆಪ್ಪೆ ಊದಿತ್ತು. ಅತ್ತ ಕಣ್ಣೇ ಎಂದು ಅವಳಿಗೆ ಅನ್ನಿಸಿತು. ಮನೆಯಲ್ಲಿ ಯಾರಿಗೋ ಏನೋ ಆಗಿದೆ. ಅಥವಾ ಬೇರೆ ಕಡೆ ಕೆಲಸ ಸಿಕ್ಕಿದೆ. ಅಥವಾ, ದೇವರೇ, ಮದುವೆಗೆ ಹುಡುಗಿ ಗೊತ್ತಾಗಿದ್ದಾಳೆ.

ಅಂದು ಬ್ಯಾಗುಗಳಿಗೆ ಊಟ ಹಾಕುವ ದಿನ. ಊಟವೆಂದರೆ ಜೀವಕೋಶ ಬೆಳೆಯಲು ಬೇಕಾದ ಒಂದು ಪ್ರೋಟೀನು. ಬ್ಯಾಗಿಗೊಂದರಂತೆ ಎರಡು ಸಿರಿಂಜ್ ತುಂಬಿ ಕೆಲಸದ ಮೇಜಿಗೆ ಅಡ್ಡವಿದ್ದ ಗಾಜಿನ ಹಿಂದೆ ಸಾಲಾಗಿ ಇಟ್ಟಿತ್ತು.

"ಎಡದ ಬ್ಯಾಗಿಗೆ ಒಂದು ಸಿರಿಂಜ್," ಅವಳು ಓದಿದಳು.

ಅವನ ಎಡಗೈ ಹೋಯಿತು, ನಳಿಕೆಯ ಬಾಯಿ ತಿರುಗಿಸಿತು, ನಿಧಾನವಾಗಿ ಒತ್ತಿತು.

"ಆಯ್ತು."

"ನೋಡಿದೆ. ಬಲದ ಬ್ಯಾಗಿಗೆ ಒಂದು ಸಿರಿಂಜ್."

ಆಗ ಅವನು ಕತ್ತು ಹೊರಳಿಸಿ ಅವಳ ಕಡೆ ನೋಡಿದ. ಒಂದೇ ಕ್ಷಣ. ಆ ಕೆಂಪು ಕಣ್ಣಿನಲ್ಲಿ ಏನೋ ತುಂಬಿ ತುಳುಕುವ ಹಾಗಿತ್ತು. ಹೇಳು, ಏನಾಯ್ತು, ಯಾರಿಗೆ, ಎಂದು ಅವಳ ಕಣ್ಣು ಕೇಳಿತು. ಅವನ ಕಣ್ಣು ತಪ್ಪಿಸಿಕೊಳ್ಳಲಿಲ್ಲ.

"ಆಯ್ತು."

"ನೋಡಿದೆ," ಎಂದಳು ಅವಳು.

ಮಧ್ಯಾಹ್ನ ಅವಳು ಬೇಗನೇ ಹೋಗಿ ಕೂತಳು. ಅವನು ಬಂದ, ತಟ್ಟೆ ಇಟ್ಟ, ನೀರು ಕುಡಿದ, ಮತ್ತೆ ನೀರು ಕುಡಿದ.

"ಏನೋ ಕೇಳ್ಬೇಕು ಅಂದಿದ್ರಿ?"

"ಹಾಂ. ಅದೇ... ಉಪ್ಪು ಕೊಡಿ."

"ಉಪ್ಪು ಕೇಳೋಕೆ ಒಂದು ದಿನ ಮುಂಚೆ ನೋಟಿಸ್ ಕೊಡ್ಬೇಕಿತ್ತಾ?"

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಯಾರೋ ಅವನನ್ನು ಕೂಗಿದರು, ಅವನು ಬದುಕಿದೆ ಎಂಬಂತೆ ಎದ್ದು ಹೋದ. ಉಪ್ಪಿನ ಡಬ್ಬಿ ಅವಳ ಮುಂದೆಯೇ ಉಳಿಯಿತು.

*

ಅಜ್ಜನ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಆದರೂ ಪದ್ಯಗಳೆಲ್ಲ ಬಾಯಲ್ಲಿದ್ದವು. ಸಂಜೆ ದೀಪ ಹಚ್ಚಿದ ಮೇಲೆ ಅವರು ಗೋಡೆಗೆ ಒರಗಿ ಕೂತು ಹೇಳುವರು. ಅವಳು ಪುಸ್ತಕದ ಮೇಲೆ ಬೆರಳಿಟ್ಟು ಹಿಂಬಾಲಿಸುವಳು. ಒಂದೊಂದು ಪದ್ಯಕ್ಕೂ ಹೂಂ ಎನ್ನಬೇಕು, ತಪ್ಪಿದರೆ ತಡೆಯಬೇಕು. ದೇವರ ಮುಂದೆ ತಪ್ಪು ಹೇಳಬಾರದೆಂಬುದು ಅವರ ಹಟ.

ಅಂದು ಅಜ್ಜನ ದನಿ ತುಂಬಿ ಬರುತ್ತಿತ್ತು. ಪಕ್ಕದಲ್ಲಿ ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಗಿಣಿಯ ಬೆರಳು ಪುಟದ ಮೇಲಿತ್ತು, ಮನಸ್ಸು ಕೆಂಪು ಕಣ್ಣಿನ ಮೇಲಿತ್ತು.

"ಹೂಂ," ಎಂದಳು.

ಅಜ್ಜ ನಿಲ್ಲಿಸಿದರು. "ಏನು ಹೂಂ?"

"ಚೆನ್ನಾಗಿ ಹೇಳಿದೆ ಅಜ್ಜ."

"ಎರಡು ಸಾಲು ನುಂಗಿಬಿಟ್ಟೆ ಕಣೇ. ನಂಗೇ ಆಮೇಲೆ ನೆನಪಾಯ್ತು. ನೀನು ಹೂಂ ಅಂದೆ."

"ಅವಳು ಈ ನಡುವೆ ಎಲ್ಲದಕ್ಕೂ ಹೂಂ ಅಂತಾಳೆ ಮಾವ," ಎಂದಳು ಅಮ್ಮ ಬಟ್ಟೆ ಕೊಡವುತ್ತ. "ನಿನ್ನೆ 'ಸಾರಿಗೆ ಸೋಪು ಹಾಕ್ಲಾ' ಅಂದೆ. ಅದಕ್ಕೂ ಹೂಂ."

ಅಜ್ಜ ನಗಲಿಲ್ಲ. ಅವಳ ಕೈಗಾಗಿ ತಡಕಾಡಿ ಹಿಡಿದುಕೊಂಡರು. "ಮಗೂ, ದನಿ ಚೆನ್ನಾಗಿದ್ದಾಗಲೇ ಪುಸ್ತಕ ಬಿಗಿಯಾಗಿ ಹಿಡೀಬೇಕು. ಬೇರೆಯವರು ತಪ್ಪಿದ್ರೆ ಹಿಡಿಯೋಕೆ ಊರೇ ಇರುತ್ತೆ. ನಮ್ಮವರು ತಪ್ಪಿದ್ರೆ ನಾವೇ ಹಿಡೀಬೇಕು. ಪ್ರೀತಿಗೆ ಕಿವಿ ಕರಗಿಹೋದ್ರೆ, ಊಹೂಂ ಅನ್ನೋದು ಯಾರು?"

ಅವಳ ಬೆರಳು ಪುಟದ ಮೇಲೇ ತಣ್ಣಗಾಯಿತು.

ಎಡದ ಬ್ಯಾಗಿಗೆ ಒಂದು ಸಿರಿಂಜ್. ಕಣ್ಣು ಮುಚ್ಚಿದರೆ ಅವನ ಕೈ ಕಂಡಿತು, ನಳಿಕೆ ಕಂಡಿತು, ಒತ್ತಿದ ಬೆರಳು ಕಂಡಿತು. ಬಲದ ಬ್ಯಾಗಿಗೆ ಒಂದು ಸಿರಿಂಜ್. ಮತ್ತೆ ಕಣ್ಣು ಮುಚ್ಚಿದಳು. ಅಲ್ಲಿ ಕೈ ಇರಲಿಲ್ಲ, ನಳಿಕೆ ಇರಲಿಲ್ಲ. ಎರಡು ಕೆಂಪು ಕಣ್ಣು, ಅಷ್ಟೇ.

ನೋಡಿದೆ ಎಂದಿದ್ದಳು. ನೋಡಿರಲಿಲ್ಲ.

ಹಾಕಿರುತ್ತಾನೆ, ಬಿಡು. ಅವನ ಕೈ ಎಂದು ತಪ್ಪಿದೆ? ಎರಡು ಸಿರಿಂಜೂ ಖಾಲಿಯಾಗಿದ್ದವಲ್ಲ. ಖಾಲಿಯಾಗಿದ್ದವು ನಿಜ, ಆದರೆ ಎಲ್ಲಿಗೆ? ಎರಡು ಬ್ಯಾಗಿನ ನಳಿಕೆಗಳೂ ಪಕ್ಕಪಕ್ಕ, ನೋಡಲು ಅವಳಿಜವಳಿ. ಎಡಗೈಯವನ ಕೈ ನೋಡದೆ ಹೋದರೆ ಎಡಕ್ಕೇ ಹೋಗುತ್ತದೆ. ನಾಳೆ ಬೆಳಿಗ್ಗೆ ಮೊದಲ ಕೆಲಸವೇ ಎರಡೂ ಬ್ಯಾಗನ್ನು ಒಂದು ದೊಡ್ಡ ಬ್ಯಾಗಿಗೆ ಸುರಿದು ಕೂಡಿಸುವುದು. ಕೂಡಿದ ಮೇಲೆ ಯಾವುದು ಹಸಿದಿತ್ತು, ಯಾವುದು ಉಂಡಿತ್ತು ಎಂದು ದೇವರಿಗಷ್ಟೇ ಗೊತ್ತು. ಲೆಕ್ಕಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸೊರಗಿದ ಅರ್ಧವೂ ಗಟ್ಟಿ ಅರ್ಧದ ಜೊತೆ ಪೆಟ್ಟಿಗೆ ಸೇರಿ ಆಯಮ್ಮನ ಮೈಗೆ ಹೋಗುತ್ತದೆ.

ಅದರೊಳಗೆ ನಾನಿದ್ದೀನಿ.

ಹೇಳಿದರೆ? ಈ ತಿಂಗಳು ಅವನ ಪ್ರೊಬೇಷನ್ ಮುಗಿಯುವುದರಲ್ಲಿತ್ತು. ಅವಳ ಒಂದು ಮಾತು ಅವನ ಕೈಯ ಮೇಲೆ ಅನುಮಾನದ ಮಸಿ ಬಳಿಯುತ್ತದೆ. ಅವನು ಸರಿಯಾಗಿಯೇ ಹಾಕಿದ್ದರೆ, ಇಲ್ಲದ ತಪ್ಪಿಗೆ ಅವನ ಅನ್ನ ಕಿತ್ತುಕೊಂಡ ಹಾಗೆ. ತಪ್ಪಿದ್ದರೆ, ಹಿಡಿದುಕೊಟ್ಟವಳ ಮುಖವನ್ನು ಅವನು ಯಾಕೆ ನೋಡುತ್ತಾನೆ? ಮಾಸ್ಕಿನ ಆಚೆಯ ಆ ಮುಖ ಅವಳಿಗೆ ಸಿಕ್ಕಿ ಎಷ್ಟು ದಿನವಾಯಿತು? ಬಿಸಿ ತುಪ್ಪ ಎಂಬ ಮಾತನ್ನು ಅವಳು ಕೇಳಿದ್ದಳು. ನುಂಗಲೂ ಆಗದು, ಉಗುಳಲೂ ಆಗದು. ಅದು ಗಂಟಲಲ್ಲಿ ನಿಂತರೆ ಹೇಗಿರುತ್ತದೆ ಎಂದು ಆ ರಾತ್ರಿ ತಿಳಿಯಿತು.

*

ಮೊದಲ ಬಸ್ಸಿಗೆ ಹೊರಟು ಬಂದಳು. ಪಕ್ಕದಲ್ಲಿ ಕಾರು ತೊಳೆಯುವವರು ಆಗಷ್ಟೇ ಪೈಪು ಬಿಚ್ಚುತ್ತಿದ್ದರು. ಎಡಚ ಸ್ಕೂಟರ್ ನಿಲ್ಲಿಸಿ ಅವಳನ್ನು ಕಂಡು ಹುಬ್ಬೇರಿಸಿದ.

"ಏನು, ಗಿಣಿ ಇಷ್ಟು ಬೇಗ ಗೂಡು ಬಿಟ್ಟಿದೆ?"

"ನಿನ್ನೆ ಬಲದ ಬ್ಯಾಗಿಗೆ ಹಾಕಿದ್ದು ನಾನು ನೋಡ್ಲಿಲ್ಲ."

ನಗು ಅವನ ತುಟಿಯ ಮೇಲೆ ದಾರಿ ತಪ್ಪಿದವರ ಹಾಗೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಹೋಯಿತು.

"ನೋಡಿದೆ ಅಂದ್ರಲ್ಲ."

"ಅಂದೆ. ನೋಡಿರ್ಲಿಲ್ಲ."

"ನಾನು ಹಾಕಿದೀನಿ. ಎರಡು ಸಿರಿಂಜೂ ಖಾಲಿ ಇತ್ತು."

"ಸಿರಿಂಜ್ ಖಾಲಿ ಆಗಿದ್ದು ನಾನೂ ನೋಡಿದೆ. ಯಾವ ಬ್ಯಾಗಿಗೆ ಖಾಲಿ ಆಯ್ತು ಅನ್ನೋದು ನೋಡ್ಲಿಲ್ಲ. ಕೂಡಿಸೋಕೆ ಮುಂಚೆ ಮೇಡಂಗೆ ಹೇಳ್ತೀನಿ. ನಿಮಗೆ ಮೊದಲು ಹೇಳ್ಬೇಕು ಅನ್ನಿಸ್ತು."

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ," ಎಂದಳು. "ಅದಕ್ಕೇ ನೋಡ್ಲಿಲ್ಲ. ಅದೇ ತಪ್ಪಾಗಿದ್ದು."

ಪೈಪಿನಿಂದ ನೀರು ರಭಸವಾಗಿ ನುಗ್ಗಿತು. ಅವನ ಎರಡಕ್ಷರಕ್ಕಾಗಿ ಅವಳು ಕಾದಳು. ಅಂದು ಅದು ಬರಲಿಲ್ಲ. ಅವನು ತಲೆ ತಗ್ಗಿಸಿ ದಾರಿ ಬಿಟ್ಟು ನಿಂತ. ಅವಳು ಒಬ್ಬಳೇ ಮೆಟ್ಟಿಲು ಹತ್ತಿದಳು.

*

ಕ್ವಾಲಿಟಿ ಮೇಡಂ ಎಲ್ಲ ಕೇಳಿ, ಮೊದಲು ಫೋನೆತ್ತಿ ಬ್ಯಾಗು ಕೂಡಿಸುವುದನ್ನು ನಿಲ್ಲಿಸಿದರು. ಎರಡರಿಂದಲೂ ಒಂದೊಂದು ಹನಿ ತೆಗೆದು ಪರೀಕ್ಷೆಗೆ ಕಳಿಸಲು ಹೇಳಿದರು. ಆಮೇಲೆ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿ, ಹೇಳಿಕೆ ಬರೆದುಕೊಳ್ಳಲು ಕೂತರು.

"ಯಾಕೆ ನೋಡ್ಲಿಲ್ಲ?"

"ಗಮನ ಬೇರೆ ಕಡೆ ಇತ್ತು ಮೇಡಂ."

"ಬೇರೆ ಕಡೆ ಅಂತ ಬರೆದ್ರೆ ನಾಳೆ ತಪಾಸಣೆಗೆ ಬಂದೋರು ನನ್ನ ತಲೆ ತಿಂತಾರೆ. ಯಾವ ಕಡೆ? ಗಡಿಯಾರನಾ, ಬಾಗಿಲಾ? ಅದು ಗೊತ್ತಾದ್ರೆ ತಾನೇ ಸರಿಮಾಡೋದು?"

ಗಿಣಿ ಮೇಜಿನ ಅಂಚನ್ನು ನೋಡಿದಳು. ಸುಳ್ಳು ಹೇಳಲು ಗಡಿಯಾರ ಸುಲಭವಾಗಿತ್ತು. ಬಾಗಿಲೂ ಸುಲಭವಾಗಿತ್ತು. ಆದರೆ ಒಂದು ಸುಳ್ಳು 'ನೋಡಿದೆ' ಸಾಕಾಗಿತ್ತು ಅವಳಿಗೆ.

"ಅವರ ಕಣ್ಣಿನ ಕಡೆ," ಎಂದಳು.

ಮೇಡಂ ಪೆನ್ನು ನಿಂತಿತು. ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. "ಹಾಗೇ ಬರೀಲಾ?"

"ಬರೀರಿ," ಎಂದು ಉಳಿದದ್ದನ್ನೂ ಹೇಳಿದಳು.

ಅವನನ್ನು ಕರೆಸಿದರು. ಬಂದವನು ಗಿಣಿಯ ಕಡೆ ನೋಡದೆ ಬಾಗಿಲ ಬಳಿಯೇ ನಿಂತ. ಮೇಡಂ ಬರೆದದ್ದನ್ನು ಗಟ್ಟಿಯಾಗಿ, ಸಾಲು ಸಾಲಾಗಿ ಓದಿದರು. ಇನ್ನೊಬ್ಬರು ಕೇಳಿ ಒಪ್ಪಬೇಕೆಂಬುದು ಅಲ್ಲಿನ ಪದ್ಧತಿ.

"ಬಲದ ಬ್ಯಾಗಿಗೆ ಹಾಕುವಾಗ ಸಾಕ್ಷಿಯು ಕೈಯನ್ನು ನೋಡಲಿಲ್ಲ. ಹಾಕುವವರ ಕಣ್ಣುಗಳನ್ನು ನೋಡುತ್ತಿದ್ದರು. ಅವು ಕೆಂಪಾಗಿದ್ದವು. ಅವರಿಗೆ ಏನಾಗಿದೆಯೋ ಎಂದು ಸಾಕ್ಷಿಗೆ ಭಯವಾಯಿತು."

ಗಿಣಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ನೀವೇನು ಹೇಳ್ತೀರಿ?" ಮೇಡಂ ಕೇಳಿದರು.

"ಕೈ ನಂದು ಮೇಡಂ. ಸರಿಯಾಗೇ ಹಾಕಿದೀನಿ ಅಂತ ಬೆಳಿಗ್ಗೆ ಕೆಳಗೆ ಇವರ ಹತ್ರ ಜೋರಾಗಿ ಹೇಳ್ದೆ. ಆದ್ರೆ ಆಗ ನಾನೂ ಕೈ ನೋಡ್ತಿರ್ಲಿಲ್ಲ."

"ಮತ್ತೆ?"

"ಇವರು ನನ್ನನ್ನ ನೋಡ್ತಿರೋದನ್ನ ನೋಡ್ತಿದ್ದೆ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅದರಲ್ಲಿ ಕೊಳೆಯೇನೂ ಇರಲಿಲ್ಲ. "ಹೊರಗೆ ಬೆಂಚಿದೆ. ರಿಸಲ್ಟ್ ಬರೋತನಕ ಇಬ್ರೂ ಅಲ್ಲಿ ಕೂತಿರಿ. ದೂರ ದೂರ."

*

ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವನು. ಬಿಸಿಲು ಕಿಟಕಿಯ ಒಂದು ಸರಳಿನಿಂದ ಇನ್ನೊಂದಕ್ಕೆ ಜಾರಿತು. ಖಾಲಿ ಪೆಟ್ಟಿಗೆ ಒಯ್ಯಲು ಬಂದ ಡ್ರೈವರಣ್ಣ ಇಬ್ಬರನ್ನೂ ನೋಡಿ, "ಏನು, ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರ ಹಾಗೆ ಕೂತಿದ್ದೀರಿ?" ಎಂದ. ಯಾರೂ ನಗದಿದ್ದಾಗ ಮೆಲ್ಲಗೆ ಜಾರಿಕೊಂಡ.

ಅವಳು ತುಟಿ ಅಲುಗಿಸದೆ ಅಜ್ಜನ ಪದ್ಯ ಹೇಳಿಕೊಳ್ಳುತ್ತಿದ್ದಳು. ಏನು ಬೇಡಬೇಕೆಂದೇ ತಿಳಿಯಲಿಲ್ಲ. ಎಲ್ಲ ಸರಿಯಿರಲಿ ಎಂದು ಬೇಡಿದರೆ, ಸುಮ್ಮನೆ ಅವನನ್ನು ಕಟಕಟೆಗೆ ನಿಲ್ಲಿಸಿದವಳಾಗುತ್ತಾಳೆ. ಆದರೂ ಅದನ್ನೇ ಬೇಡಿದಳು. ಅವನ ಕೈ ಸರಿಯಿರಲಿ, ನಾನೇ ಕೆಟ್ಟವಳಾಗಲಿ.

ಸಂಜೆ ಮೇಡಂ ತಾವೇ ಹೊರಗೆ ಬಂದರು.

"ಎಡಕ್ಕೆ ಎರಡೂಟ, ಬಲಕ್ಕೆ ಉಪವಾಸ."

ಎಡಚ ತನ್ನ ಎಡಗೈಯನ್ನು ತೊಡೆಯ ಮೇಲೆ ಮಗುಚಿಟ್ಟು, ಅದು ಯಾರದೋ ಕೈ ಎಂಬಂತೆ ನೋಡಿದ. ತಪ್ಪು ಸಿಕ್ಕಿದ್ದಕ್ಕೆ ಗಿಣಿಗೆ ನಿರಾಳವಾಗಬೇಕಿತ್ತು. ಬದಲಿಗೆ ಆ ಕೈಯನ್ನು ನೋಡಿ ಅವಳ ಕಣ್ಣು ತುಂಬಿತು.

"ಒಂದೇ ದಿನದ ಉಪವಾಸ, ಸತ್ತಿಲ್ಲ," ಮೇಡಂ ಅಂದರು. "ಈಗಲೇ ಬಲಕ್ಕೆ ಹಾಕ್ತಾರೆ, ಎಡದ್ದನ್ನ ತೊಳೆದು ಹೊಸ ನೀರಿಗಿಡ್ತಾರೆ. ಇನ್ನೂ ಕೆಲವು ದಿನ ಬೆಳೀಲಿ. ಆಸ್ಪತ್ರೆಗೆ ದಿನ ಮುಂದಕ್ಕೆ ಹಾಕಿ ಅಂತ ಹೇಳಿದೀನಿ. ಚೇತರಿಸ್ಕೊಳ್ಳುತ್ತೋ ಇಲ್ವೋ, ನೋಡ್ಬೇಕು."

"ನಾನು ನಾಳೆಯಿಂದ ಬರೋದು ಬೇಡ ಅಲ್ವಾ ಮೇಡಂ?"

"ಯಾರಪ್ಪ ಹೇಳಿದ್ದು? ತಪ್ಪು ಮಾಡಿದೋರನ್ನೆಲ್ಲ ಕಳಿಸ್ತಾ ಹೋದ್ರೆ ಇಲ್ಲಿ ಗೋಡೆ ಮಾತ್ರ ಉಳಿಯುತ್ತೆ. ನಾನು ಕಳಿಸೋದು ಮುಚ್ಚಿಡೋರನ್ನ. ಪ್ರೊಬೇಷನ್ ಇನ್ನೂ ಮೂರು ತಿಂಗಳು ಎಳೀತೀನಿ. ಅಲ್ಲೀತನಕ ಸ್ಟೋರಲ್ಲಿ ಕೆಲಸ." ಹೋಗುತ್ತ ಗಿಣಿಯ ಕಡೆ ತಿರುಗಿದರು. "ನಿಂಗೂ ಪಾಠ ಇದೆ ಕಣಮ್ಮ. ಹೊಸಬರ ಜೊತೆ ಕೂತು ಟ್ರೈನಿಂಗ್ ಮತ್ತೆ ಮೊದಲಿಂದ."

ಮೇಡಂ ಹೋದ ಮೇಲೂ ಅವನು ಏಳಲಿಲ್ಲ.

"ನೀವು ಹೇಳದೆ ಇದ್ದಿದ್ರೆ..." ಎಂದ. ಎದ್ದು, ಅವಳತ್ತ ನೋಡದೆ ನಡೆದುಬಿಟ್ಟ.

*

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ. ಟ್ರೈನಿಂಗಿನಲ್ಲಿ ಕೂತಿದ್ದರೂ ಜೀವವೆಲ್ಲ ಆ ಬಾಗಿಲಿನಾಚೆಯ ಬ್ಯಾಗಿನ ಮೇಲೆ. ಬೆಳಿಗ್ಗೆ ಬೆಳಿಗ್ಗೆ ಹೋಗಿ ಬಲದ ಬ್ಯಾಗಿನ ಎಣಿಕೆ ಕೇಳುವಳು. ಮೊದಲು ಇಳಿದಿತ್ತು. ಮತ್ತೆ ಇಳಿಯಿತು. ಆಮೇಲೆ ಅಲ್ಲೇ ನಿಂತಿತು, ಮನಸ್ಸು ಮಾಡದ ಮಗುವಿನ ಹಾಗೆ.

ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಜೋಡಿ ಕುರ್ಚಿಗಳಲ್ಲಿ ಒಂದು ಈಗ ಖಾಲಿಯೇ ಇರುತ್ತಿತ್ತು. ಅವನು ಸ್ಟೋರಿನಲ್ಲೇ ಊಟ ಮಾಡುತ್ತಾನೆಂದು ಯಾರೋ ಹೇಳಿದರು. ಅವಳು ಸ್ವೆಟರನ್ನು ಪಕ್ಕದ ಕುರ್ಚಿಗೆ ಹಾಕಿ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಎಣಿಕೆ ಏರಿತು. ಮರುದಿನ ಇನ್ನಷ್ಟು ಏರಿತು. ಅಂದು ಮಧ್ಯಾಹ್ನ ಸ್ವೆಟರು ಕುರ್ಚಿಯ ಬೆನ್ನಿಗೆ ಹೋಗಿತ್ತು, ಕುರ್ಚಿಯಲ್ಲಿ ಅವನು ಕೂತಿದ್ದ. ಅವಳ ಜಾಗದ ಮುಂದೆ ಉಪ್ಪಿನ ಡಬ್ಬಿ ಇತ್ತು.

"ಏರಿದೆಯಂತೆ," ಎಂದ.

"ಏರಿದೆ."

"ಅಲ್ಲೀತನಕ ನಿಮ್ಮೆದುರು ಬಂದು ಕೂರೋ ಮುಖ ಇರ್ಲಿಲ್ಲ ನಂಗೆ."

"ನಾನು ಕೋಪ ಅಂದ್ಕೊಂಡೆ."

"ಕೋಪ ಇತ್ತು. ನನ್ನ ಕೈ ಮೇಲೆ." ಸ್ವಲ್ಪ ತಡೆದು ಕೇಳಿದ: "ಅವತ್ತು ಕಣ್ಣು ಯಾಕೆ ಕೆಂಪಾಗಿತ್ತು ಅಂತ ಮೇಡಂ ಕೇಳ್ಲೇ ಇಲ್ಲ. ನೀವೂ ಕೇಳ್ಲಿಲ್ಲ."

"ಯಾಕಾಗಿತ್ತು?"

"ರಾತ್ರಿಯೆಲ್ಲ ಕನ್ನಡಿ ಮುಂದೆ ನಿಂತು ಒಂದು ಮಾತು ಪ್ರಾಕ್ಟೀಸ್ ಮಾಡ್ತಿದ್ದೆ. ಊಟದ ಹೊತ್ತಿಗೆ ಅದು ಉಪ್ಪಾಗಿತ್ತು."

ಅವಳಿಗೆ ನಗು ಬಂತು, ಅಳುವೂ ಬಂತು. ಬಾಯಿಗೆ ಕೈ ಅಡ್ಡ ಹಿಡಿದವಳು ನೆನಪಾಗಿ ತೆಗೆದಳು. ಅಷ್ಟರಲ್ಲಿ ಇಬ್ಬರೂ ಬನ್ನಿ ಎಂದು ಮೇಡಂ ಹೇಳಿಕಳಿಸಿದರು.

ಮೇಡಂ ಮುಂದೆ ಒಂದು ಹಾಳೆ ಇತ್ತು. "ಪೆಟ್ಟಿಗೆ ಇವತ್ತು ಸಂಜೆ ಹೊರಡುತ್ತೆ. ಎಡದ ನಳಿಕೆಗೆ ಕೆಂಪು ಮುಚ್ಚಳ ಹಾಕಿದ ಮೇಲೇ ಬಲದ ಸಿರಿಂಜ್ ಮುಟ್ಟಬೇಕು ಅಂತ ಹೊಸ ಸಾಲು ಸೇರಿಸಿದೀನಿ. ಈ ಫೈಲು ಮುಚ್ಚೋಕೆ ಒಂದೇ ಒಂದು ಪ್ರಶ್ನೆ ಬಾಕಿ." ಕನ್ನಡಕ ಏರಿಸಿದರು. "ಹತ್ತಿರದ ಸಂಬಂಧಿಕರು ಒಬ್ಬರಿಗೊಬ್ಬರು ಸಾಕ್ಷಿ ಆಗೋ ಹಾಗಿಲ್ಲ ಅಂತ ನಮ್ಮಲ್ಲೊಂದು ನಿಯಮ ಇದೆ. ಪ್ರೊಬೇಷನ್ ಮುಗಿದ ಮೇಲೆ ನಿಮ್ಮಿಬ್ಬರನ್ನ ಮತ್ತೆ ಜೋಡಿ ಹಾಕ್ಬಹುದಾ, ಇಲ್ಲ ಆ ನಿಯಮ ನಿಮಗೆ ಅನ್ವಯಿಸುತ್ತಾ? ಹೌದು ಇಲ್ಲ, ಎರಡರಲ್ಲೊಂದು ಹೇಳಿ. ನಂಗೆ ಕೆಲಸ ಇದೆ."

ಎಡಚ ಗಿಣಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾಗಿತ್ತು.

"ಅನ್ವಯಿಸುತ್ತೆ ಮೇಡಂ," ಎಂದ, ಅವಳನ್ನೇ ನೋಡುತ್ತ. "ಇವರು ಒಪ್ಪಿದ್ರೆ."

ರಾತ್ರಿಯಿಡೀ ಕನ್ನಡಿಯ ಮುಂದೆ ಕಲಿತ ಮಾತು ಇದಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಇದೇ ಚೆನ್ನಾಗಿತ್ತು.

"ಆಯ್ತು," ಎಂದಳು ಗಿಣಿ.

ಮೇಡಂ ಹಾಳೆಯ ಮೇಲೆ ಒಂದು ಗೆರೆ ಎಳೆದು, ತಲೆ ಎತ್ತದೆ, "ನೋಡಿದೆ. ಹೋಗಿ," ಎಂದರು.

ಸಂಜೆ ಇಬ್ಬರೂ ಕೆಳಗೆ ರಸ್ತೆಗೆ ಇಳಿದರು. ಡ್ರೈವರಣ್ಣ ಪೆಟ್ಟಿಗೆಯನ್ನು ಗಾಡಿಯೊಳಗಿಟ್ಟು, ಅಲುಗದ ಹಾಗೆ ಪಟ್ಟಿ ಬಿಗಿಯುತ್ತಿದ್ದ. ಆಸ್ಪತ್ರೆಯಲ್ಲಿ ಎರಡನೇ ಔಷಧ ಕಾದಿತ್ತು. ಜೋಡಿ ಕೂಡಿದ ಮೇಲೆ ಆಯಮ್ಮನ ಮೈಯಲ್ಲಿ ಅದು ಗೆಲ್ಲುತ್ತದೋ ಸೋಲುತ್ತದೋ, ಹೇಳಬಲ್ಲವರು ಈ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಗಿಣಿಯ ಎದೆ ಇನ್ನೂ ಡವಗುಟ್ಟುತ್ತಲೇ ಇತ್ತು. ಅದು ಸುಲಭಕ್ಕೆ ನಿಲ್ಲುವಂಥದ್ದೂ ಅಲ್ಲ.

"ನಿಧಾನಕ್ಕೆ ಅಣ್ಣಾ," ಎಂದಳು.

"ಗೊತ್ತಮ್ಮ. ಒಳಗೆ ಯಾರಿದ್ದಾರೆ ಅಂತ ಗೊತ್ತು."

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಬೆರಳಿಗೆ ಬೆರಳು ತಾಗಿತು. ಗ್ಲೌಸಿಲ್ಲದ ಕೈ. ಸ್ವಲ್ಪ ಒರಟು, ಸ್ವಲ್ಪ ಬೆಚ್ಚಗೆ. ಎಡಗೈ.

"ಎಲ್ಲಿ ನೋಡ್ತಿದ್ದೀಯ?" ಅವನು ಮೆಲ್ಲಗೆ ಕೇಳಿದ. ಮೊದಲ ಸಲ ಏಕವಚನದಲ್ಲಿ.

ಅವಳು ಅವನ ಕಣ್ಣಿನ ಕಡೆ ತಿರುಗಲಿಲ್ಲ. ತಲೆ ಬಗ್ಗಿಸಿ, ತನ್ನ ಅಂಗೈಯೊಳಗೆ ಬಂದು ಕೂತಿದ್ದ ಆ ಕೈಯನ್ನೇ, ಒಂದೊಂದು ಬೆರಳನ್ನೂ, ರೆಪ್ಪೆ ಬಡಿಯದೆ ನೋಡಿದಳು.

"ಕೈ ನೋಡ್ತಿದೀನಿ ಕಣೋ," ಎಂದಳು. "ಈ ಸಲ ಕೈಯನ್ನೇ."